ವಾರಿಜಕ್ಕನ ಗಂಟಲಿನ ಎರಡು ಕೆಂಪು ಚುಕ್ಕೆ

ಕ್ಯಾನ್ಸರ್ ಮರಳಿ ಬಂದಿದೆಯೇ ಇಲ್ಲವೇ ಎಂದು ಹೇಳುವ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೆ ಒಪ್ಪಿಸಿದ ಮೇಲೆ, ಮಂಗಳೂರಿನ ಜನ ಮೊದಲು ಮಾಡಿದ ಕೆಲಸವೆಂದರೆ ಅದರ ಹೆಸರು ಬದಲಿಸಿದ್ದು. ಸರ್ಕಾರ ಇಟ್ಟ ಹೆಸರು ಸಂಸ್ಕೃತದ್ದು, ಉದ್ದದ್ದು. ಉದ್ಘಾಟನೆಗೆ ಬಂದ ಮಂತ್ರಿಗಳೇ ಅದನ್ನು ಹೇಳುವಾಗ ತಡವರಿಸಿದ್ದರು. ಜನ ಅದನ್ನು ‘ಪಟೇಲರು’ ಎಂದು ಕರೆದರು. ಹಿಂದಿನ ಕಾಲದ ಊರ ಪಟೇಲರ ಹಾಗೆ ಇದೂ ಕಾರಣ ಹೇಳುತ್ತಿರಲಿಲ್ಲ, ತೀರ್ಪು ಹೇಳುತ್ತಿತ್ತು. ಆ ಪಟೇಲರಿಗಿಂತ ಇದು ತಪ್ಪು ಮಾಡುವುದು ಕಡಿಮೆ ಎಂಬ ಕಾರಣಕ್ಕೆ ಇದಕ್ಕೆ ಬಹುವಚನವೂ ಸಿಕ್ಕಿತು.

ಪಟೇಲರ ಕ್ರಮ ಸರಳ. ಒಮ್ಮೆ ಕ್ಯಾನ್ಸರಿನ ಆಪರೇಶನ್ ಆದವರು ವರ್ಷಕ್ಕೊಮ್ಮೆ ಗುಡ್ಡದ ಮೇಲಿನ ಆಸ್ಪತ್ರೆಗೆ ಬರಬೇಕು. ಅವರ ರಕ್ತಕ್ಕೆ ಬೆಳಗುವ ಸಕ್ಕರೆಯನ್ನು ಚುಚ್ಚುತ್ತಾರೆ. ಮೈಯಲ್ಲಿ ಯಾವುದು ಹಸಿದಿದೆಯೋ ಅದು ಆ ಸಕ್ಕರೆಯನ್ನು ತಿಂದು ಹೊಳೆಯುತ್ತದೆ. ಕ್ಯಾನ್ಸರಿನಷ್ಟು ಹೊಟ್ಟೆಬಾಕ ಇನ್ನೊಂದಿಲ್ಲವಾದ್ದರಿಂದ ಅದೇ ಎಲ್ಲಕ್ಕಿಂತ ಜೋರಾಗಿ ಹೊಳೆಯುತ್ತದೆ. ಸಕ್ಕರೆ ಏರುವವರೆಗೆ ಒಂದು ತಾಸು ಮೌನದ ಕೋಣೆಯಲ್ಲಿ ಅಲ್ಲಾಡದೆ, ಮಾತಾಡದೆ ಕೂರಬೇಕು. ಆಮೇಲೆ ಬಿಳಿ ಕಮಾನಿನ ಕೆಳಗೆ ಮಲಗಬೇಕು. ಹಸಿರು ಬಂದರೆ ಮನೆಗೆ. ಕೆಂಪು ಬಂದರೆ ಉಳಿದದ್ದನ್ನೆಲ್ಲ ಪಟೇಲರೇ ನೋಡಿಕೊಳ್ಳುತ್ತಿದ್ದರು: ಆಪರೇಶನ್ನಿನ ದಿನ, ಹಾಸಿಗೆ, ಆಂಬುಲೆನ್ಸ್, ಹಿಂದಿನ ರಾತ್ರಿಯ ಗಂಜಿ. ಸೂಜಿ ಹಾಕಿ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪದ್ಧತಿಯನ್ನು ‘ಅನಗತ್ಯ ನೋವು’ ಎಂದು ಕೈಬಿಟ್ಟು ಕೆಲವು ವರ್ಷಗಳಾಗಿದ್ದವು.

ಮನುಷ್ಯರಿಗೆ ಉಳಿದಿದ್ದ ಹುದ್ದೆಯ ಹೆಸರು ‘ಎರಡನೇ ಕಣ್ಣು’. ಪಟೇಲರು ನೋಡಿದ ಚಿತ್ರವನ್ನು ಮತ್ತೊಮ್ಮೆ ನೋಡಿ ‘ಒಪ್ಪಿದೆ’ ಎಂಬ ಗುಂಡಿ ಒತ್ತುವುದು ಅದರ ಕೆಲಸ. ‘ಒಪ್ಪಿಲ್ಲ’ ಎಂಬ ಗುಂಡಿಯೂ ಇತ್ತು, ಅದರ ಮೇಲೆ ಸ್ವಲ್ಪ ಧೂಳೂ ಇತ್ತು. ಡಾಕ್ಟರ್ ಐರಿನ್ ಮಥಾಯಸ್ ಆ ಕುರ್ಚಿಯಲ್ಲಿ ಕೂತು ಬಹಳ ಕಾಲವಾಗಿತ್ತು. ಕುರ್ಚಿ ಒಳ್ಳೆಯದಿತ್ತು.

ಆ ಸೋಮವಾರ ಪರದೆಯ ಮೇಲೆ ಬಂದ ಗಂಟಲಲ್ಲಿ ಎರಡು ಕೆಂಪು ಚುಕ್ಕೆಗಳಿದ್ದವು. ಸ್ವರತಂತುಗಳ ಎಡಕ್ಕೊಂದು, ಬಲಕ್ಕೊಂದು. ವಾರಿಜ ತಿಂಗಳಾಯ, ಐವತ್ತೆಂಟು ವರ್ಷ, ಕೆಲಸ: ಬೋಟುಗಳು ಮೀನು ಇಳಿಸುವ ಧಕ್ಕೆಯಲ್ಲಿ ಹರಾಜು ಕೂಗುವುದು. ಎರಡು ವರ್ಷದ ಹಿಂದೆ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ತೆಗೆದದ್ದು; ಹೋದ ವರ್ಷ ತಪಾಸಣೆಗೆ ಬಂದಿಲ್ಲ. ಈಗ ಪಟೇಲರ ತೀರ್ಪು: ಮರಳಿ ಬಂದಿದೆ, ಎರಡೂ ಕಡೆ. ಶುಕ್ರವಾರ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವುದು.

ಐರಿನ್ ಬೆರಳನ್ನು ಗುಂಡಿಯ ಮೇಲಿಟ್ಟಳು. ಒತ್ತಲಿಲ್ಲ. ಎಡಗಡೆಯ ಚುಕ್ಕೆ ಉಂಗುರದ ಹಾಗಿತ್ತು, ಅಂಚು ಕೆಂಪು, ನಡುವೆ ಖಾಲಿ. ಕ್ಯಾನ್ಸರಿನ ನಡುವೆಯೂ ಕೆಲವೊಮ್ಮೆ ಖಾಲಿ ಇರುತ್ತದೆ. ಆದರೆ ಇಷ್ಟು ನೀಟಾಗಿ, ಬಳೆಗಾರ ಮಾಡಿದ ಹಾಗೆ?

ಕೆಂಪು ಬಂದವರಿಗೆ ಸುದ್ದಿ ಹೇಳುವುದು ಮಾತ್ರ ಮನುಷ್ಯರೇ ಆಗಬೇಕೆಂಬ ನಿಯಮವಿತ್ತು. ಮೊದಲು ಪಟೇಲರೇ ಹೇಳುತ್ತಿದ್ದರು; ಅವರ ದನಿ ಎಷ್ಟು ಮಧುರವಾಗಿತ್ತೆಂದರೆ ಯಾರೋ ಒಬ್ಬರು ಕುರ್ಚಿ ಎತ್ತಿ ಸ್ಪೀಕರಿಗೆ ಎಸೆದಿದ್ದರು.

ವಾರಿಜಕ್ಕ ಒಳಗೆ ಬಂದು ಕೂತಳು. ಸೀರೆಯ ನೆರಿಗೆ ಗಟ್ಟಿ ಸಿಕ್ಕಿಸಿದ್ದಳು, ಕಿವಿಯಲ್ಲಿ ದೊಡ್ಡ ಬೆಂಡೋಲೆ. ಐರಿನ್ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, “ಶುಕ್ರವಾರ ಆಗ್ಲಿಕ್ಕಿಲ್ಲ ಡಾಕ್ಟ್ರೇ,” ಅಂದಳು. “ಶುಕ್ರವಾರ ಐದು ಬೋಟು ಬರ್ಲಿಕ್ಕುಂಟು.”

“ವಾರಿಜಕ್ಕ, ನಾನು ಹೇಳಿದ್ದು ಅರ್ಥ ಆಯ್ತಾ? ಧ್ವನಿಪೆಟ್ಟಿಗೆ ತೆಗೆದ್ರೆ ಮತ್ತೆ ನಿಮಗೆ ಮಾತಾಡ್ಲಿಕ್ಕೆ—”

“ಅರ್ಥ ಆಯ್ತು. ಅದಕ್ಕೇ ಬೋಟಿನ ವಿಷಯ ಮಾತಾಡಿದ್ದು. ಇನ್ನೊಂದು ವಿಷಯ ಮಾತಾಡಿದ್ರೆ ನಾನು ಇಲ್ಲೇ ಅಳ್ತೇನೆ, ಹೊರಗೆ ಹದಿನೈದು ಜನ ಕೂತಿದ್ದಾರೆ, ಅದ್ರಲ್ಲಿ ಇಬ್ರು ನಮ್ಮ ಊರಿನವ್ರು.”

ಆ ದನಿ ಕೋಣೆಗೆ ದೊಡ್ಡದಾಯಿತು. ಸ್ವಲ್ಪ ಸೀಳು ಇತ್ತು, ಆದರೆ ಗಟ್ಟಿ, ಗಾಳಿ ಸೋರದ ದನಿ. ಏನೋ ಸರಿಯಿಲ್ಲ ಎಂದು ಐರಿನಳಿಗೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ.

“ಮೌನದ ಕೋಣೆಯಲ್ಲಿ ನೀವು ಮಾತಾಡಿದ್ರಾ?”

“ಒಂದು ಅಕ್ಷರ ಇಲ್ಲ. ಬೇಕಾದ್ರೆ ಆ ದಿವಾಕರನ ಹತ್ರ ಕೇಳಿ.”

ಟೆಕ್ನಿಷಿಯನ್ ದಿವಾಕರ ಬಾಗಿಲಲ್ಲಿ ನಿಂತಿದ್ದ. “ಮಾತಾಡ್ಲಿಲ್ಲ ಮೇಡಂ. ಆದ್ರೆ ಒಂದು ತಾಸೂ ಗಂಟಲಲ್ಲೇ ಎಂತದೋ ಗೊಣಗ್ತಾ ಇದ್ರು. ನಾನು ಪ್ರಾರ್ಥನೆ ಅಂದ್ಕೊಂಡೆ.”

“ಪ್ರಾರ್ಥನೆ ಅಲ್ಲ ಮಾರಾಯ, ಅಂಜಲ್ ಮೀನಿನ ರೇಟು. ಬೆಳಿಗ್ಗೆ ಧಕ್ಕೆಯಿಂದ ಸೀದಾ ಇಲ್ಲಿಗೆ ಬಂದದ್ದು. ಲೆಕ್ಕ ಒಮ್ಮೆ ನಾಲಿಗೆಗೆ ಹತ್ತಿದ್ರೆ ನಿಲ್ಲುದಿಲ್ಲ.”

ಐರಿನಳ ಗಂಡ ಆಲ್ಬನ್ ಮನೆಯಲ್ಲಿ ಅಡುಗೆಯ ಅಧಿಕಾರಿ. ಧಕ್ಕೆಗೆ ಹೋಗಿ ಮೀನು ತರುವುದನ್ನು ಅವನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಅಲ್ಲಿಂದ ಮೀನಿನ ಜೊತೆ ಸುದ್ದಿಯನ್ನೂ ತರುತ್ತಿದ್ದ, ಎರಡೂ ತಾಜಾ. ಅವಳು ರೋಗಿಗಳ ವಿಷಯ ಮನೆಯಲ್ಲಿ ಮಾತಾಡುವಂತಿರಲಿಲ್ಲ. ಹಾಗಾಗಿ ಆ ರಾತ್ರಿ ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತ ಸುಮ್ಮನೆ ಕೇಳಿದಳು: “ಹರಾಜು ಕೂಗುವ ಹೆಂಗಸರಿಗೆ ದನಿ ಹೋದ್ರೆ ಎಂತ ಮಾಡ್ತಾರೆ? ಮೈಕ್ ಇಟ್ಕೊಳ್ಬಹುದಲ್ಲ?”

“ಮೈಕಾ?” ಆಲ್ಬನ್ ಸೌಟು ಕೆಳಗಿಟ್ಟ. “ನೀನು ಯಾವ ಊರಲ್ಲಿದ್ದೀ ಮಾರಾಯ್ತಿ? ಹಿಂದೆ ಕಂಪೆನಿಯವರು ಹರಾಜು ಯಂತ್ರ ತಂದು ಇಟ್ರು ನೋಡು, ಒಂದೇ ಸಲ ಮೂವತ್ತು ಬೋಟಿನ ಮೀನು ಕೂಗುವಂಥದ್ದು. ಹೆಂಗಸರೆಲ್ಲ ಸೇರಿ ಅದನ್ನು ಸಮುದ್ರಕ್ಕೆ ಹಾಕಿದ್ರು. ಅವತ್ತಿನಿಂದ ಹರಾಜಿನವರ ಸಂಘದ ನಿಯಮ, ಧಕ್ಕೆಯಲ್ಲಿ ‘ಹುಟ್ಟಿದ ಗಂಟಲು’ ಮಾತ್ರ, ಹುಟ್ಟುವಾಗ ಬಂದದ್ದು. ಮೈಕ್ ಇಲ್ಲ, ಯಂತ್ರ ಇಲ್ಲ, ಗಂಟಲಿಗೆ ಎಂತದೂ ಹಾಕಿಸ್ಕೊಳ್ಳುವ ಹಾಗಿಲ್ಲ. ಗೊತ್ತಾದ್ರೆ ಜಾಗ ಹೋಯ್ತು.”

“ಗೊತ್ತಾಗುವುದು ಹೇಗೆ?”

“ಆರೋಗ್ಯ ಕಾರ್ಡಿನಲ್ಲಿ ಎಲ್ಲ ಬರ್ತದಲ್ಲ. ಸಂಘಕ್ಕೆ ಅದು ಕಾಣ್ತದೆ.” ಅವನು ಸೌಟನ್ನು ಮತ್ತೆ ಎತ್ತಿದ. “ದನಿ ಅಂದ್ರೆ ವಾರಿಜಕ್ಕನದ್ದು. ಆಪರೇಶನ್ ಆಗಿ ಬಂದಾಗ ಹಾವಿನ ಹಾಗೆ ಬುಸ್ ಬುಸ್ ಅಂತಿದ್ಳು, ಮೂರು ತಿಂಗಳು. ಮುಗೀತು ಅಂದ್ಕೊಂಡ್ವಿ. ಆಮೇಲೆ ಎಂಟು ದಿನ ಕಾಣ್ಲಿಲ್ಲ. ಬಂದವಳು ಮೊದಲಿನ ಹಾಗೇ ಕೂಗಿದ್ಳು. ಹರಕೆ ಫಲ ಕೊಟ್ಟಿತು ಅಂತ ಪಾಯಸ ಹಂಚಿದ್ಳು. ನನಗೂ ಸಿಕ್ಕಿತು, ಒಳ್ಳೇದಿತ್ತು.”

ಐರಿನ್ ತಟ್ಟೆಯಿಂದ ಕೈ ತೆಗೆದಳು. ಏನು ಸರಿಯಿರಲಿಲ್ಲ ಎಂಬುದು ಈಗ ಗೊತ್ತಾಯಿತು. ಮೊದಲ ಆಪರೇಶನ್ನಿನಲ್ಲಿ ಗಡ್ಡೆಯ ಜೊತೆ ಎಡಗಡೆಯ ಸ್ವರದ ನರವನ್ನೂ ಕತ್ತರಿಸಿದ್ದರು, ಬೇರೆ ದಾರಿಯಿರಲಿಲ್ಲ. ಹಾಗಾಗಿ ಎಡಗಡೆಯ ತಂತು ಕುಂಟು. ಬಾಗಿಲಿನ ಒಂದು ಕದ ತೆರೆದೇ ಉಳಿದ ಹಾಗೆ, ಗಾಳಿ ಸೋರಬೇಕು. ಬೆಳಿಗ್ಗೆ ಅವಳು ಕೇಳಿದ ದನಿಯಲ್ಲಿ ಗಾಳಿ ಸೋರುತ್ತಿರಲಿಲ್ಲ. ಕತ್ತರಿಸಿದ ನರ ಹರಕೆಗೆ ಚಿಗುರುವುದಿಲ್ಲ. ಆ ಕದವನ್ನು ಯಾರೋ ನಡುವಿಗೆ ತಳ್ಳಿ ನಿಲ್ಲಿಸಿದ್ದಾರೆ.

ಮರುದಿನ ಅವಳು ವಾರಿಜಕ್ಕನನ್ನು ಕರೆಸಿ, ಬಾಗಿಲು ಹಾಕಿ, ನೇರವಾಗಿ ಕೇಳಿದಳು. “ಎಡಗಡೆ ಎಂತ ಹಾಕಿಸಿಕೊಂಡಿದ್ದೀರಿ?”

“ಎಂತದೂ ಇಲ್ಲ.”

“ಕೇಳಿ. ಗಂಟಲಿನ ಕುಂಟು ತಂತುವಿಗೆ ಅಂಟಿನ ಹಾಗಿರುವ ಮದ್ದು ತುಂಬಿಸಿ ದಪ್ಪ ಮಾಡಬಹುದು. ಆಗ ಅದು ನಡುವಿಗೆ ಬರ್ತದೆ, ದನಿ ಬರ್ತದೆ. ಒಳ್ಳೆ ಮದ್ದಾದ್ರೆ ತೊಂದರೆ ಇಲ್ಲ. ಕಡಿಮೆ ದರ್ಜೆಯದ್ದಾದ್ರೆ ಮೈ ಅದನ್ನು ಕಳ್ಳ ಅಂತ ತಿಳ್ಕೊಂಡು ಸುತ್ತಲೂ ಕಾವಲು ಹಾಕ್ತದೆ. ಆ ಕಾವಲಿನವರಿಗೂ ಹಸಿವೆ ಉಂಟು, ಅವರೂ ಸಕ್ಕರೆ ತಿನ್ನುತ್ತಾರೆ. ಪಟೇಲರಿಗೆ ಅಲ್ಲಿ ಮದ್ದಿದೆ ಅಂತ ಗೊತ್ತಿಲ್ಲ. ಗಡ್ಡೆ ಅಂತ ತಿಳ್ಕೊಂಡಿದ್ದಾರೆ.”

ವಾರಿಜಕ್ಕ ಕಿವಿಯ ಬೆಂಡೋಲೆಯನ್ನು ತಿರುಗಿಸಿದಳು. “ಹಾಗಾದ್ರೆ ಕ್ಯಾನ್ಸರ್ ಅಲ್ಲವಾ?”

“ಇರಲಿಕ್ಕಿಲ್ಲ ಅಂತ ನನಗೆ ಅನ್ನಿಸ್ತದೆ. ಅನ್ನಿಸಿದ್ದಕ್ಕೆ ಇಲ್ಲಿ ಬೆಲೆ ಇಲ್ಲ. ಸೂಜಿ ಹಾಕಿ ನೋಡ್ಬೇಕಾದ್ರೆ ಹೊಸ ಮಾಹಿತಿ ಕೊಡ್ಬೇಕು. ಕೊಟ್ಟದ್ದು ಕಾರ್ಡಿಗೆ ಹೋಗ್ತದೆ.”

“ಬರೀದೆ ಸೂಜಿ ಹಾಕಿ.”

“ಆಗ್ಲಿಕ್ಕಿಲ್ಲ. ಪಟೇಲರು ಬಾಗಿಲೇ ತೆಗೀಲಿಕ್ಕಿಲ್ಲ.”

“ಒಳ್ಳೆ ಪಟೇಲರು.” ವಾರಿಜಕ್ಕ ನಕ್ಕಳು, ನಗು ಬೇಗ ಮುಗಿಯಿತು. “ಅಲ್ಲ ಡಾಕ್ಟ್ರೇ, ನೀವೇ ನೋಡಿ. ಹೇಳಿದ್ರೆ ಜಾಗ ಹೋಗ್ತದೆ, ಹೇಳದಿದ್ರೆ ಗಂಟಲು ಹೋಗ್ತದೆ. ಗಂಟಲಿದ್ದು ಜಾಗ ಇಲ್ಲದಿದ್ರೆ ನಾನು ಮನೆಯಲ್ಲಿ ಕೂತು ಸೊಸೆ ಹತ್ರ ಕೂಗ್ಬೇಕು. ಅವಳು ಪಾಪದವಳು.”

ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ವಾರಿಜಕ್ಕ ತನ್ನ ಕತ್ತನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು, ಮೀನು ಗಟ್ಟಿಯಿದೆಯೇ ಎಂದು ಒತ್ತಿ ನೋಡುವವರ ಹಾಗೆ.

“ಒಂದು ಬಸ್ ಬಂದಿತ್ತು,” ಅಂದಳು ಕೊನೆಗೆ. “ಒಳಗೆ ಆಸ್ಪತ್ರೆ. ಗಡಿ ದಾಟಿ ಎಲ್ಲಿಂದಲೋ. ಕಾರ್ಡ್ ಕೇಳುದಿಲ್ಲ ಅಂತ ಹೇಳಿದ್ರು. ಒಂದು ಇಂಜೆಕ್ಷನ್. ಇಳಿಯುವಾಗ್ಲೇ ದನಿ ಬಂತು. ನಾನು ಬಸ್ಸಿನ ಮೆಟ್ಟಿಲಲ್ಲೇ ಡ್ರೈವರನಿಗೆ ಬೈದೆ, ಸುಮ್ಮನೆ, ದನಿ ನೋಡ್ಲಿಕ್ಕೆ. ಪಾಪ, ಅವನಿಗೆ ಎಂತಕ್ಕೆ ಬೈದದ್ದು ಅಂತಲೇ ಗೊತ್ತಾಗ್ಲಿಲ್ಲ. ಬರೀರಿ ಡಾಕ್ಟ್ರೇ. ಬೇಗ ಬರೀರಿ, ಮನಸ್ಸು ಬದಲಾದ್ರೆ ಕಷ್ಟ.”

ಐರಿನ್ ‘ಒಪ್ಪಿಲ್ಲ’ ಒತ್ತಿದಾಗ ವಿಭಾಗದ ಮುಖ್ಯಸ್ಥ ಡಾಕ್ಟರ್ ಅಡಪರ ಕೋಣೆಯಲ್ಲಿ ಗಂಟೆ ಬಾರಿಸಿತು. ಅಂಥದ್ದೊಂದು ಗಂಟೆ ಇದೆಯೆಂದು ಅವರಿಗೇ ಮರೆತುಹೋಗಿತ್ತು. ಮೊದಲು ಬೆಂಕಿ ಬಿದ್ದಿದೆಯೆಂದು ತಿಳಿದು ಹೊರಗೆ ಓಡಿ, ಆಮೇಲೆ ನಿಯಂತ್ರಣ ಕೊಠಡಿಗೆ ಬಂದರು.

“ಎಡಗಡೆ ಮದ್ದು ಅಂತಲೇ ಇಟ್ಟುಕೊಳ್ಳಿ,” ಅಂದರು ಅವರು. “ಬಲಗಡೆಗೆ ಎಂತ ಹೇಳ್ತೀರಿ? ಅಲ್ಲಿ ಯಾರೂ ಎಂತದೂ ಹಾಕ್ಲಿಲ್ಲವಲ್ಲ.”

“ಬಲಗಡೆಯದ್ದು ದುಡಿಮೆ ಸರ್. ಎಡಗಡೆಯದ್ದು ಅಲ್ಲಾಡುದಿಲ್ಲ. ಇಬ್ಬರು ಎತ್ತುವ ಬುಟ್ಟಿಯನ್ನು ಒಬ್ಬಳೇ ಎತ್ತುತ್ತಾ ಇದ್ದಾಳೆ. ಆ ಸ್ನಾಯುವಿಗೆ ಹಸಿವೆ ಆಗದೆ ಇರ್ತದಾ? ಅದಕ್ಕೆ ಸರಿಯಾಗಿ ಬೆಳಗ್ಗೆ ಎರಡು ತಾಸು ಹರಾಜು ಕೂಗಿ, ಮೌನದ ಕೋಣೆಯಲ್ಲೂ ರೇಟು ಗೊಣಗಿದ್ದಾರೆ.”

“ಹೇಗೆ ತೋರಿಸ್ತೀರಿ?”

“ಕಮಾನಿಗೆ ಚಲಿಸುವ ಚಿತ್ರ ತೆಗೆಯಲಿಕ್ಕೂ ಆಗ್ತದೆ. ಹೃದಯದವರು ಬಳಸ್ತಾರೆ. ಗಂಟಲಿಗೆ ಯಾರೂ ಬಳಸ್ಲಿಲ್ಲ, ಅಷ್ಟೇ. ಒಂದು ದಿನ ಮೌನ, ಒಂದು ದಿನ ಕೂಗು.”

ಬುಧವಾರ ಮೌನ. ವಾರಿಜಕ್ಕ ಧಕ್ಕೆಗೆ ಹೋಗಿರಲಿಲ್ಲ. ರೇಟು ನೆನಪಾಗಬಾರದೆಂದು ಐರಿನ್ ಅವಳಿಗೆ ಹಲ್ಲುಗಳ ನಡುವೆ ಇಟ್ಟುಕೊಳ್ಳಲು ಒಂದು ಲವಂಗ ಕೊಟ್ಟು, ಅದು ಬೀಳದಂತೆ ಹಿಡಿದುಕೊಳ್ಳುವುದೊಂದೇ ಕೆಲಸ ಎಂದಳು. ಪರದೆಯ ಮೇಲೆ ಎಡಗಡೆಯ ಉಂಗುರ ಹಾಗೇ ಉರಿಯುತ್ತಿತ್ತು. ಬಲಗಡೆ ಕೆಂಪು ಕರಗಿ, ಹಳದಿಯಾಗಿ, ಮಸುಕಾಯಿತು. ಅಡಪರು ಕನ್ನಡಕ ಒರೆಸಿಕೊಂಡರು.

ಗುರುವಾರ ಕೂಗು. ಕಮಾನಿನ ಕೆಳಗೆ ಮಲಗಿದ ವಾರಿಜಕ್ಕನಿಗೆ ಸಂಕೋಚವಾಯಿತು. “ಮೀನಿಲ್ಲದೆ ಹೇಗೆ ಕೂಗುದು? ಎದುರು ಒಬ್ಬ ಬೇಕು, ಕಡಿಮೆ ಕೇಳುವವ.”

“ದಿವಾಕರ, ನೀವು ಕೇಳಿ,” ಅಂದಳು ಐರಿನ್.

ದಿವಾಕರ ಗಾಜಿನ ಈಚೆಯಿಂದ ಮೈಕಿನಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ, ಒಂದು ಬುಟ್ಟಿ ಅಂಜಲಿಗೆ ನಾಚಿಕೆಗೇಡಿನ ರೇಟು ಹೇಳಿದ.

“ಆ ರೇಟಿಗೆ ನಿನಗೆ ಅಂಜಲ್ ಅಲ್ಲ, ಅದರ ಫೋಟೋ ಕೂಡ ಸಿಗ್ಲಿಕ್ಕಿಲ್ಲ,” ಎಂದು ಶುರುಮಾಡಿದ ವಾರಿಜಕ್ಕ ಆಮೇಲೆ ನಿಲ್ಲಲಿಲ್ಲ. ಅಂಕಿಗಳು ಒಂದರ ಬೆನ್ನಿಗೆ ಒಂದು ಬಿದ್ದವು, ನಡುವೆ ದಿವಾಕರನ ಕುಲ, ಬಡಾಯಿ, ಕೂದಲು ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಪಾಲು. ಪಕ್ಕದ ವಾರ್ಡಿನ ನರ್ಸುಗಳು ಬಂದು ಬಾಗಿಲಲ್ಲಿ ನಿಂತರು. ಪರದೆಯ ಮೇಲೆ ಬಲಗಡೆಯ ತಂತು ಅವಳ ಕೂಗಿನ ಜೊತೆ ಜೊತೆಗೇ ಕೆಂಪಾಗಿ ಎದ್ದಿತು, ಅವಳು ಉಸಿರು ತೆಗೆದುಕೊಂಡಾಗ ತಗ್ಗಿತು, ಮತ್ತೆ ಎದ್ದಿತು. ಐರಿನ್ ಈ ಕುರ್ಚಿಯಲ್ಲಿ ಸಾವಿರಾರು ಗಂಟಲು ನೋಡಿದ್ದಳು. ಒಂದೂ ಮಾತಾಡುತ್ತಿರಲಿಲ್ಲ.

“ಮರಳಿ ಬಂದ ಕ್ಯಾನ್ಸರ್ ರೇಟು ನೋಡಿ ಏರುದಿಲ್ಲ,” ಅಂದರು ಅಡಪರು. “ಸೂಜಿ ಹಾಕಿ.”

ಎಡಗಡೆಯಿಂದ ಬಂದ ಚೂರನ್ನು ನೋಡಲು ಸೂಕ್ಷ್ಮದರ್ಶಕವನ್ನು ಹಳೆಯ ಸಾಮಾನಿನ ಕೋಣೆಯಿಂದ ಹುಡುಕಿ ತರಬೇಕಾಯಿತು. ಐರಿನ್ ಕಣ್ಣಿಟ್ಟಳು. ಗಾಜಿನ ಚೂರಿನಂಥ ಮದ್ದಿನ ತುಣುಕುಗಳು, ಅವನ್ನು ಮುತ್ತಿಕೊಂಡ ದೊಡ್ಡ ದೊಡ್ಡ ಕಾವಲು ಕೋಶಗಳು. ಇಡೀ ಚೂರಿನಲ್ಲಿ ಕ್ಯಾನ್ಸರಿನ ಒಂದು ಕೋಶವೂ ಇರಲಿಲ್ಲ. ಅಡಪರೂ ನೋಡಿದರು. ಶುಕ್ರವಾರದ ಥಿಯೇಟರನ್ನು ಅವರು ತಾವೇ ಫೋನ್ ಮಾಡಿ ರದ್ದುಮಾಡಿಸಿದರು.

ಸುದ್ದಿ ಕೇಳಿ ವಾರಿಜಕ್ಕ ಈ ಸಲ ಅತ್ತಳು, ಹೊರಗೆ ಊರಿನವರು ಇದ್ದರೂ.

ಆದರೆ ಇಂಜೆಕ್ಷನ್ನಿನ ವಿಷಯ ಕಾರ್ಡಿಗೆ ಹೋಗಿತ್ತು. ಮುಂದಿನ ವಾರ ಸಂಘ ಅವಳನ್ನು ಹರಾಜಿನ ಕಟ್ಟೆಯಿಂದ ಇಳಿಸಿತು. ಐರಿನ್ ಪಟೇಲರಿಗೆ ಹೊಸ ಪಾಠ ಬರೆಯುತ್ತ ಕೂತಿದ್ದಳು: ಕುಂಟು ತಂತು, ಉಂಗುರ, ಎದುರು ಬದಿಯ ದುಡಿಮೆ. ಪಟೇಲರು ಬೇಗ ಕಲಿತರು. ಅವರಿಗೆ ಅಭಿಮಾನವೆಂಬುದು ಇರಲಿಲ್ಲ, ಅದೊಂದು ದೊಡ್ಡ ಗುಣ.

ಆಗ ಧಕ್ಕೆಯ ಹೆಂಗಸರು ಬರತೊಡಗಿದರು. ಮೊದಲು ಇಬ್ಬರು, ಸೆರಗು ತಲೆಗೆ ಹೊದ್ದು, ತಲೆನೋವಿನ ನೆಪ ಹೇಳಿಕೊಂಡು. ಬಾಗಿಲು ಹಾಕಿದ ಮೇಲೆ, “ನಾವೂ ಆ ಬಸ್ ಹತ್ತಿದ್ದೇವೆ ಡಾಕ್ಟ್ರೇ” ಅಂದರು. ಆಮೇಲೆ ಇನ್ನೂ ಮೂವರು. ಕೂಗಿ ಕೂಗಿ ದನಿ ಸವೆದವರು, ಕ್ಯಾನ್ಸರೇ ಇಲ್ಲದವರು, ಎಲ್ಲರಿಗೂ ಅದೇ ಇಂಜೆಕ್ಷನ್. ಧಕ್ಕೆಯಲ್ಲಿ ‘ಹುಟ್ಟಿದ ಗಂಟಲು’ಗಳೆಂದು ಹೆಸರಾದವುಗಳಲ್ಲಿ ಅರ್ಧದಷ್ಟು ಬಸ್ಸಿನಲ್ಲಿ ರಿಪೇರಿಯಾದವು ಎಂದು ತಿಳಿದಾಗ ಐರಿನಳಿಗೆ ನಗು ಬಂತು.

ನಗು ನಿಂತದ್ದು ಅವರ ಜೊತೆ ಬಂದ ಬೇಬಿ ಸಾಲ್ಯಾನಳನ್ನು ನೋಡಿ. ಅವಳ ಕತ್ತಿನಲ್ಲಿ ಉಸಿರಿನ ತೂತು ಇತ್ತು, ಮೇಲೊಂದು ತೆಳ್ಳಗಿನ ಬಟ್ಟೆ. ಅವಳಿಗೂ ಹಿಂದೊಮ್ಮೆ ಕ್ಯಾನ್ಸರಿನ ಆಪರೇಶನ್ ಆಗಿತ್ತು; ಹೋದ ವರ್ಷದ ತಪಾಸಣೆಯಲ್ಲಿ ಕೆಂಪು ಬಂದಿತ್ತು. ಧ್ವನಿಪೆಟ್ಟಿಗೆ ತೆಗೆದಿದ್ದರು. ‘ಒಪ್ಪಿದೆ’ ಒತ್ತಿದವಳು ಐರಿನ್.

ತೆಗೆದ ಅಂಗಗಳನ್ನು ಮೇಣದಲ್ಲಿ ಹುದುಗಿಸಿ ಇಡುವ ಪದ್ಧತಿ ಇನ್ನೂ ಇತ್ತು. ನೋಡುವ ಪದ್ಧತಿ ಮಾತ್ರ ಹೋಗಿತ್ತು. ಐರಿನ್ ಬೇಬಿಯ ಮೇಣದ ತುಂಡನ್ನು ತರಿಸಿ, ಸೀಳಿ, ನೋಡಿದಳು. ಅದೇ ಗಾಜಿನ ಚೂರು, ಅದೇ ಕಾವಲು. ಮತ್ತೇನೂ ಇರಲಿಲ್ಲ.

ಆ ದಿನ ಮನೆಯಲ್ಲಿ ಅವಳು ಊಟ ಮಾಡಲಿಲ್ಲ. ಆಲ್ಬನ್ ಏನಾಯಿತೆಂದು ಕೇಳದೆ, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದ. “ಒಬ್ಬರಿಗೆ ಒಂದು ವಿಷಯ ಹೇಳ್ಲಿಕ್ಕುಂಟು,” ಅಂದಳು ಅವಳು. “ಕರೆಸಿ ಹೇಳುವಂಥದ್ದಲ್ಲ.”

“ಹಾಗಾದ್ರೆ ಹೋಗಿ ಹೇಳು. ನಾನು ಕಾರ್ ತೆಗೀತೇನೆ, ಒಳಗೆ ಬರುದಿಲ್ಲ.”

ಬೇಬಿ ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದಳು. ಐರಿನ್ ಎಲ್ಲವನ್ನೂ ಹೇಳಿದಳು, ಗುಂಡಿಯನ್ನು ಒತ್ತಿದ್ದು ಯಾರೆಂಬುದನ್ನೂ ಸೇರಿಸಿ. ಬೇಬಿ ಬಲೆಯ ಗಂಟನ್ನು ಮುಗಿಸಿದಳು. ಆಮೇಲೆ ಕತ್ತಿಗೆ ಒಂದು ಚಿಕ್ಕ ಯಂತ್ರ ಒತ್ತಿದಳು. ಬಂದ ದನಿ ಚಪ್ಪಟೆಯಾಗಿತ್ತು, ಏರಿಳಿತವಿಲ್ಲ.

“ಇದನ್ನು ಸಂಘದ ಮೀಟಿಂಗಿಗೆ ಬಂದು ಹೇಳ್ತೀರಾ?”

“ಹೇಳ್ತೇನೆ.”

“ಇಷ್ಟೇ ಹೇಳಿದ್ರೆ ಸಾಲ್ದು. ಆ ನಿಯಮ ಇಲ್ಲದಿದ್ರೆ ನಾವು ಬಸ್ ಹತ್ತುತ್ತಿರ್ಲಿಲ್ಲ, ಅದನ್ನೂ ಹೇಳ್ಬೇಕು. ನಾನು ಹೇಳಿದ್ರೆ ಯಂತ್ರ ಮಾತಾಡ್ತದೆ ಅಂತಾರೆ.” ಯಂತ್ರವನ್ನು ತೆಗೆದು, ಮತ್ತೆ ಒತ್ತಿದಳು. “ನಿಮ್ಮನ್ನು ಕ್ಷಮಿಸುದಾ ಅಂತ ಆಮೇಲೆ ನೋಡುವ. ಮೊದಲು ಮೀಟಿಂಗ್.”

ಸಂಘದ ಸಭೆ ಮೂರು ತಾಸು ನಡೆಯಿತು. ಐರಿನ್ ತಾನು ಒತ್ತಿದ ಗುಂಡಿಯಿಂದ ಶುರುಮಾಡಿದಳು. ಅಧ್ಯಕ್ಷರು ‘ಹುಟ್ಟಿದ ಗಂಟಲು’ ಎಂಬ ಮಾತಿನ ಪಾವಿತ್ರ್ಯದ ಬಗ್ಗೆ ದೀರ್ಘವಾಗಿ ಮಾತಾಡಿದರು. ಅವರ ಬಾಯಲ್ಲಿದ್ದದ್ದು ಕಟ್ಟಿಸಿದ ಹಲ್ಲು ಎಂದು ಹಿಂದಿನಿಂದ ಯಾರೋ ನೆನಪಿಸಿದರು. ಬಸ್ ಹತ್ತಿದವರು ಎದ್ದು ನಿಲ್ಲಿ ಎಂದಾಗ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಕೂತವರು ಕಡಿಮೆಯಾದಾಗ ಅಧ್ಯಕ್ಷರು ನೀರು ಕುಡಿದರು. ಕಂಪೆನಿಯ ಯಂತ್ರ ಇಲ್ಲಿ ಕೂಗಬಾರದು, ಮನುಷ್ಯರು ಯಾವುದರಿಂದ ಕೂಗಿದರೂ ಆದೀತು ಎಂದು ತೀರ್ಮಾನವಾಯಿತು.

ಆಮೇಲಿನ ಶನಿವಾರ ಐರಿನ್ ಗಂಡನ ಜೊತೆ ಧಕ್ಕೆಗೆ ಹೋದಳು. ವಾರಿಜಕ್ಕ ಕಟ್ಟೆಯ ಮೇಲಿದ್ದಳು. ಮೊದಲ ಬೋಟನ್ನು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು. ಪಕ್ಕದ ಕಟ್ಟೆಯಲ್ಲಿ ಬೇಬಿ ಯಂತ್ರವನ್ನು ಕತ್ತಿಗೆ ಒತ್ತಿ ಬಂಗುಡೆಯ ರೇಟು ಹೇಳಿದಳು. ಖರೀದಿಗೆ ಬಂದವರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಆ ದನಿ ಬೇಡಿಕೊಳ್ಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಅದನ್ನು ಕೇಳಿ ಅವಳ ಮನಸ್ಸಿನ ಕೊನೆಯ ರೇಟು ಎಷ್ಟೆಂದು ಊಹಿಸುವುದು ಯಾರಿಗೂ ಸಾಧ್ಯವಾಗಲಿಲ್ಲ. ಹೆದರಿ ಒಬ್ಬ ಏರಿಸಿದ. ಇನ್ನೊಬ್ಬ ಅವನಿಗಿಂತ ಏರಿಸಿದ. ವಾರಿಜಕ್ಕನ ಬೋಟಿಗಿಂತ ಹೆಚ್ಚಿಗೆ ಹೋಯಿತು.

“ಅವಳಿಗೆ ಉಸಿರೇ ಬೇಡ, ದಣಿವೂ ಇಲ್ಲ,” ವಾರಿಜಕ್ಕ ಐರಿನಳಿಗೆ ಕೇಳುವಷ್ಟು ಜೋರಾಗಿ ಗೊಣಗಿದಳು. “ಇದು ನ್ಯಾಯವಾ ಡಾಕ್ಟ್ರೇ?”

ಬೇಬಿ ಯಂತ್ರವನ್ನು ಮತ್ತೆ ಒತ್ತಿದಳು. “ಗಂಟಲು ಬದಲು ಮಾಡುವನಾ?”

ವಾರಿಜಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಮುದ್ರದ ಕಡೆ ನೋಡಿದಳು. ದೊಡ್ಡ ಬೋಟೊಂದು ಅಳಿವೆ ದಾಟಿ ಒಳಗೆ ಬರುತ್ತಿತ್ತು, ಅದರ ಮೇಲೆ ಹಕ್ಕಿಗಳ ಹಿಂಡು. ಅದು ವರ್ಷಗಳಿಂದ ಅವಳೇ ಕೂಗುತ್ತಿದ್ದ ಬೋಟು.

“ಬೇಬಿ,” ಅಂದಳು. “ಅದರಲ್ಲಿ ಅಂಜಲ್ ಇರ್ಬೇಕು. ನೀನೇ ಕೂಗು.”